ಖರ್ಜೂರದ ತೋಟದಲ್ಲಿ ಒಂದು ಮುಟ್ಟಾಳೆ

ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದೆವ್ವ, ಮಾಟ, ದೃಷ್ಟಿ ಎಂದೆಲ್ಲ ನಂಬುವವರ ಗುಂಪಿಗೆ ನಾನು ಯಾವತ್ತೂ ಸೇರಿದವಳಲ್ಲ. ನನ್ನದು ಲ್ಯಾಬಿನ ಕೆಲಸ. ದುಬೈಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ದಿನವಿಡೀ ಜನರ ರಕ್ತ, ಮೂತ್ರ ನೋಡುತ್ತಾ ಕೂತಿರುವವಳು. ಕಣ್ಣಿಗೆ ಕಂಡದ್ದನ್ನು ಬರೆದುಕೊಡುವುದು, ಕಾಣದಿದ್ದರೆ ಇಲ್ಲವೆಂದು ಬರೆಯುವುದು, ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಊರಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ, "ಆವತ್ತು ಎಷ್ಟು ಕುಡಿದಿದ್ರಿ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೆ ಅದೇ ಪ್ರಶ್ನೆ ಕೇಳಬಹುದು. ಕುಡಿದದ್ದು ಅಬುಧಾಬಿ ಹತ್ತಿರದ ಬನಿಯಾಸಿನ ಒಂದು ಅಂಗಡಿಯ ಹಾಲಿಲ್ಲದ ಸುಲೈಮಾನಿ ಚಹಾ ಮಾತ್ರ. ಹೊತ್ತು ಕೂಡ ರಾತ್ರಿಯಲ್ಲ, ಕಣ್ಣು ಕುಕ್ಕುವ ಮಧ್ಯಾಹ್ನದ ಬಿಸಿಲು.

ನಾವು ಉಡುಪಿ ಕಡೆಯ ತುಳುವರು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಗಳಲ್ಲಿ ಸತ್ತ ಹಿರಿಯರಿಗೆ ಬಡಿಸುವ ಪದ್ಧತಿಯಿದೆ. ಸತ್ತವರನ್ನು ನಾವು ಕುಲೆಗಳೆನ್ನುತ್ತೇವೆ. ಒಳಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆ ಎಲೆ ಹಾಕಿ, ಅನ್ನ, ಕೋಳಿಸಾರು, ಅವರಿಗೆ ಇಷ್ಟವಿದ್ದ ತಿಂಡಿ ಬಡಿಸಿ, ಪಕ್ಕದಲ್ಲಿ ಲೋಟದಲ್ಲಿ ನೀರಿಟ್ಟು, ಹೆಸರು ಹಿಡಿದು ಕರೆದು, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಯಾರೂ ಮಾತಾಡುವಂತಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಮನೆಯ ಹಿರಿಯರು ಹೊರಗಿನಿಂದ ಬಾಗಿಲು ತಟ್ಟುತ್ತಾರೆ. ನಾವು ಬರುತ್ತಿದ್ದೇವೆ, ಉಂಡವರು ಏಳಬಹುದು ಎಂದು ಅದರ ಅರ್ಥ. ಆಮೇಲೆ ಬಾಗಿಲು ತೆರೆದು, ಆ ಎಲೆಯ ಊಟವನ್ನು ಮನೆಯವರೇ ಹಂಚಿಕೊಂಡು ಉಣ್ಣುತ್ತಾರೆ. ಚಿಕ್ಕವಳಿದ್ದಾಗ ಈ ಪದ್ಧತಿಯಲ್ಲಿ ನನಗೆ ಆಸಕ್ತಿಯಿದ್ದದ್ದು ಆ ಕೋಳಿಸಾರಿನ ಮಟ್ಟಿಗೆ ಮಾತ್ರ.

ನನ್ನ ಅಮ್ಮನ ಅಣ್ಣ ಸಂಜೀವ ಮಾವನಿಗೂ ಅಷ್ಟೇ ಇದ್ದದ್ದು. ಹುಡುಗನಾಗಿದ್ದಾಗ ಒಂದು ಆಟಿಯಲ್ಲಿ ಅವರು ಎಲೆಗಳ ಹಿಂದೆ, ಅಕ್ಕಿಮುಡಿಯ ಮರೆಯಲ್ಲಿ ಅಡಗಿ ಕೂತಿದ್ದರಂತೆ. ಬಾಗಿಲು ಮುಚ್ಚಿದ ಮೇಲೆ ತಮ್ಮ ಅಜ್ಜನ ಎಲೆಯಿಂದ ಕೋಳಿಯ ಕಾಲು ತಿಂದು, ಲೋಟದ ನೀರು ಕುಡಿದು ಮುಗಿಸಿ, ಹೊರಗಿನವರು ತಟ್ಟುವ ಮೊದಲೇ ತಾವೇ ಒಳಗಿನಿಂದ ತಟ್ಟಿಬಿಟ್ಟರಂತೆ. ಬೇಗಬೇಗ ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಹೊರಗಿದ್ದ ಹೆಂಗಸರು ಕಿರುಚಿಕೊಂಡು ಅಂಗಳಕ್ಕೆ ಓಡಿದರು. ವಿಷಯ ಗೊತ್ತಾದ ಮೇಲೆ ಅಜ್ಜಿ ಕೈಯಲ್ಲಿದ್ದ ಹಿಡಿಸೂಡಿ ಪೊರಕೆ ಪುಡಿಯಾಗುವವರೆಗೆ ಹೊಡೆದು, "ಜೀವ ಇರುವಾಗಲೇ ಕುಲೆಯ ಎಲೆಯಲ್ಲಿ ಉಂಡಿಯಲ್ಲ, ನಿನ್ನ ಗತಿ ಎಂತಾಗ್ತದೋ" ಎಂದು ಅತ್ತರಂತೆ. ಅಮ್ಮನಿಗೆ ಆಗ ಐದಾರು ವರ್ಷ. ಈ ಕಥೆಯನ್ನು ಅವಳು ನಗುತ್ತಲೇ ಶುರು ಮಾಡುತ್ತಿದ್ದಳು. ಅಜ್ಜಿಯ ಮಾತು ಬರುವ ಹೊತ್ತಿಗೆ ಮಾತ್ರ ನಗು ಉಳಿಯುತ್ತಿರಲಿಲ್ಲ.

ಏಕೆಂದರೆ ಮಾವ ಇಪ್ಪತ್ತರ ಪ್ರಾಯದಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಕಳ್ಳ ಲಾಂಚು ಹತ್ತಿ ಈ ಕಡೆ ಬಂದವರು ಮತ್ತೆ ಮನೆಗೆ ಬರಲಿಲ್ಲ. ಇಲ್ಲಿ ಇನ್ನೂ ಬ್ರಿಟಿಷರ ಕಾರುಬಾರು ನಡೆಯುತ್ತಿದ್ದ ಕಾಲ ಅದು. ಹೊರಡುವ ದಿನ ಅಜ್ಜಿ, "ಅಲ್ಲಿ ಬಿಸಿಲು ಜೋರಂತೆ" ಎಂದು ಅಡಕೆ ಹಾಳೆಯ ಹೊಸ ಮುಟ್ಟಾಳೆಯೊಂದನ್ನು ಹೊಲಿದು ಕೊಟ್ಟಿದ್ದರು. ಮುಟ್ಟಾಳೆಯೆಂದರೆ ನಮ್ಮಲ್ಲಿ ಗದ್ದೆ ಕೆಲಸದವರು ಹಾಕಿಕೊಳ್ಳುವ ಟೊಪ್ಪಿ. ಅದೇ ಲಾಂಚಿನಲ್ಲಿ ಬಂದಿದ್ದ ಒಬ್ಬ ಕೆಲವು ವರ್ಷಗಳ ನಂತರ ಊರಿಗೆ ಮರಳಿ, ಸಂಜೀವನನ್ನು ಅಬುಧಾಬಿಯ ಒಳನಾಡಿನ ಖರ್ಜೂರದ ತೋಟಕ್ಕೆ ಕೆಲಸಕ್ಕೆ ಕರೆದುಕೊಂಡು ಹೋದರು, ಅಲ್ಲಿ ಇಂಗ್ಲಿಷ್ ದೊರೆಯೊಬ್ಬ ಟೊಮೆಟೊ, ಕೋಸು ಬೆಳೆಸುತ್ತಿದ್ದ ಎಂದು ಹೇಳಿದ. ಅಷ್ಟೇ. ಅದರ ನಂತರ ಒಂದು ಸುದ್ದಿಯೂ ಇಲ್ಲ.

ಹಾಗಾಗಿ ಆಟಿಯಲ್ಲಿ ಎಲ್ಲರ ಹೆಸರಿಗೂ ಎಲೆ ಬಿದ್ದರೂ ಸಂಜೀವ ಮಾವನ ಹೆಸರಿಗೆ ಬೀಳಲಿಲ್ಲ. ಬದುಕಿರುವವರ ಹೆಸರಿಗೆ ಎಲೆ ಹಾಕಿದರೆ ನಾವೇ ಕೈಯಾರೆ ಅವರ ಆಯುಷ್ಯ ಮುಗಿಸಿದ ಹಾಗೆ. ಅಜ್ಜಿ ಸಾಯುವವರೆಗೂ, "ಅವನು ಬರ್ತಾನೆ" ಎಂದೇ ಹೇಳಿಕೊಂಡಿದ್ದರು. ಅಜ್ಜಿಯ ನಂತರ ಆ ಹಟ ಅಮ್ಮನಿಗೆ ಬಂತು. ಸತ್ತಿದ್ದಾನೆ ಎಂದು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಹಟಕ್ಕೆ ಪೆಟ್ಟು ಬಿದ್ದದ್ದು ನನ್ನಿಂದ. ಮದುವೆಯಾಗಿ ದುಬೈಗೆ ಬಂದ ಮೇಲೆ ಎರಡು ಸಲ ನನ್ನ ಬಸಿರು ನಿಲ್ಲಲಿಲ್ಲ. ಲ್ಯಾಬಿನಲ್ಲಿ ಕೂತು ದಿನಕ್ಕೆ ನಾಲ್ಕು ಹೆಂಗಸರಿಗೆ 'ಪಾಸಿಟಿವ್' ಎಂದು ಬರೆದುಕೊಡುತ್ತಿದ್ದವಳಿಗೆ ಅದು ಹೇಗಿರುತ್ತದೆಂದು ಇಲ್ಲಿ ವಿವರಿಸುವುದಿಲ್ಲ. ಊರಿನಲ್ಲಿ ಚಿಕ್ಕಮ್ಮಂದಿರು ಸೇರಿ ಪ್ರಶ್ನೆ ಇಡಿಸಿದರು. ನೀರು ಕೂಡ ಸಿಗದೆ ಹಸಿದು ನಿಂತ ಒಬ್ಬ ಕುಲೆ ಇದ್ದಾನೆ, ಅವನಿಗೆ ಎಲೆ ಹಾಕದೆ ಈ ಮನೆಯ ಹೆಣ್ಣುಮಕ್ಕಳ ಹೊಟ್ಟೆ ತುಂಬುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ನಾನು ಫೋನಿನಲ್ಲೇ ಬೈದು, ನನ್ನ ಹಾರ್ಮೋನಿನ ರಿಪೋರ್ಟನ್ನು ಬೇಕಾದರೆ ಜೋಯಿಸರಿಗೇ ಕಳಿಸುತ್ತೇನೆ ಎಂದೆ. ಅಮ್ಮ ಮಾತ್ರ ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಬಂದು ಇಳಿದಳು. ಬುರ್ಜ್ ನೋಡಲಿಕ್ಕಲ್ಲ, ಅಣ್ಣ ಸತ್ತದ್ದು ಹೌದೋ ಅಲ್ಲವೋ ತಿಳಿಯಲಿಕ್ಕೆ. ಸತ್ತದ್ದು ಹೌದಾದರೆ ಎಲೆ ಹಾಕಬಹುದು, ಮಗಳಿಗೆ ಮಗುವಾಗಬಹುದು. ಅಲ್ಲವಾದರೆ ಹಾಕುವ ಹಾಗಿಲ್ಲ. ಪಾಪ, ಎರಡರಲ್ಲಿ ಯಾವುದನ್ನು ಬಯಸಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

ಎಕ್ಸ್‌ಪೋ ಮೇಳ ದುಬೈಗೆ ಸಿಕ್ಕಿತೆಂದು ಇಲ್ಲಿ ಊರಿಡೀ ಪಟಾಕಿ ಹಾರಿಸಿದ ಚಳಿಗಾಲ ಅದು. ದುಬೈಯ ಅಲ್ ಬರ್ಷಾದಲ್ಲಿ ಶಾಪಿಂಗ್ ಮಾಲಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಒಂದು ಬೆಡ್‌ರೂಮಿನ ಮನೆ. ನಮ್ಮವರು ಎ.ಸಿ. ಡಕ್ಟು ಕೂರಿಸುವ ಕಂಪೆನಿಯಲ್ಲಿ ಸೂಪರ್‌ವೈಸರ್. ಅವರ ಸೈಟು ಅಬುಧಾಬಿ ಕಡೆ ಇದ್ದಾಗ ಬನಿಯಾಸಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಕಾಕನ ಪರಿಚಯವಾಗಿತ್ತು. ಉಳ್ಳಾಲದ ಬ್ಯಾರಿ, ಎಪ್ಪತ್ತರ ದಶಕದಲ್ಲೇ ಬಂದವರು, ಹಳೆಯ ಕಾಲದ ಸಂಗತಿಗಳನ್ನು ತಲೆಯೊಳಗೆ ಜೋಡಿಸಿಟ್ಟವರು. ಇಂಗ್ಲಿಷ್ ದೊರೆ ಕೋಸು ಬೆಳೆಸಿದ ತೋಟ ಎಂದ ಕೂಡಲೇ ಅವರು, "ಅದು ಈಗಲೂ ಉಂಟಲ್ಲಾ! ಮಣ್ಣಿನ ಮನೆ, ಬಾವಿ, ದೊರೆಯ ಕುರ್ಚಿ ಎಲ್ಲ ಹಾಗೆಯೇ ಇಟ್ಟಿದ್ದಾರೆ. ಶುಕ್ರವಾರ ಹಳೆಕಾಲದ ಡ್ರೆಸ್ಸು ಹಾಕಿ ರೊಟ್ಟಿ ಸುಡುದು, ನೀರು ಎತ್ತುದು ಮಾಡಿ ತೋರಿಸ್ತಾರೆ" ಎಂದರು. ಅದೇ ತೋಟವೆಂದು ಯಾರು ಹೇಳಬೇಕು ಎಂದು ನಾನು ಕೇಳಿದೆ. "ದೊರೆ ಇದ್ದ ಬೇರೆ ತೋಟ ನನಗೆ ಗೊತ್ತಿಲ್ಲ ಮಗಾ" ಎಂದರು.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಕಾಕನ ಅಂಗಡಿಯಲ್ಲಿ ಚಹಾ ಕುಡಿದು, ಅವರನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟೆವು. ಹೈವೇ ಬಿಟ್ಟ ಮೇಲೆ ದಾರಿ ಮರಳಿನ ದಿಬ್ಬಗಳ ನಡುವೆ ಸುತ್ತಿಕೊಂಡು ಹೋಗಿ, ಒಮ್ಮೆಲೇ ಖರ್ಜೂರದ ಮರಗಳ ಹಸುರಿಗೆ ಬಂದು ನಿಂತಿತು. ಗೇಟಿನಲ್ಲಿ ಒಬ್ಬ ಪಠಾಣ ಕಾವಲುಗಾರ. ಕಾರ್ಯಕ್ರಮ ಸಂಜೆ ಹೊತ್ತಿನ ಅಸರ್ ನಮಾಜಿನ ನಂತರ, ಬೇಕಿದ್ದರೆ ಈಗಲೇ ಒಳಗೆ ಹೋಗಿ ನೋಡಿ ಎಂದ. ಕಾಕ ಗೇಟಿನ ಬಳಿಯ ನೆರಳಿನಲ್ಲಿ ಅವನ ಜೊತೆ ಮಾತಿಗೆ ಕೂತರು. ನಾವು ಮೂವರು ಒಳಗೆ ನಡೆದೆವು.

ಅಲ್ಲಿ ನನಗೆ ಮೊದಲು ಹಿಡಿಸದೆ ಹೋದದ್ದು ಆ ಜಾಗದ ಖಾಲಿತನ. ಒಲೆಯ ಮುಂದೆ ಹಿಟ್ಟಿನ ಉಂಡೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಕೆಂಡಕ್ಕೆ ಬೂದಿ ಹಿಡಿದಿತ್ತು, ಆರಿರಲಿಲ್ಲ. ಖರ್ಜೂರದ ಗರಿಯ ಚಾಪೆಯೊಂದು ಅರ್ಧ ಹೆಣೆದು ಬಿದ್ದಿತ್ತು, ಹೆಣೆಯುವವರು ಕೂತಿದ್ದ ಜಾಗದ ಮರಳು ಇನ್ನೂ ತಗ್ಗಾಗಿತ್ತು. ಬಾವಿಯ ಬಳಿ, ನೀರೆತ್ತಲು ಎತ್ತು ಇಳಿಯುವ ಇಳಿಜಾರಿನ ತುದಿಯಲ್ಲಿ, ನೊಗ ಕಟ್ಟಿದ ಎತ್ತೊಂದು ಒಂಟಿಯಾಗಿ ನಿಂತಿತ್ತು. ಎಲ್ಲರೂ ಊಟಕ್ಕೋ ನಮಾಜಿಗೋ ಹೋಗಿರಬೇಕೆಂದು ಬುದ್ಧಿಗೆ ಗೊತ್ತು. ಆದರೂ ಕೆಲಸದ ಮಧ್ಯದಿಂದ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಅಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ನಾನೂ ಸುಮ್ಮನೆ ಅವಳ ಹತ್ತಿರಕ್ಕೆ ಸರಿದೆ.

ದೊರೆಯ ಕೋಣೆಯಲ್ಲಿ ಒಂದು ಮೇಜು, ಕುರ್ಚಿ, ಕಬ್ಬಿಣದ ಮಂಚ, ಬೀಜದ ಡಬ್ಬಿಗಳು. ಅಮ್ಮ ಬಾಗಿಲಲ್ಲೇ ನಿಂತು ನೋಡಿ ಮುಂದೆ ಹೋದಳು. ನಮ್ಮವರು, "ನೀವು ನೋಡ್ತಿರಿ ಮಾಮಿ, ನಾನು ಆ ಎತ್ತಿನ ಫೋಟೊ ತೆಗೆದು ಬರ್ತೇನೆ" ಎಂದು ಬಾವಿಯ ಕಡೆ ಹೋದರು. ಅಂಗಳದ ಕೊನೆಯಲ್ಲಿ ಕೆಲಸದವರ ಕೋಣೆ. ತಗ್ಗಿನ ಬಾಗಿಲು, ದಪ್ಪ ಹಲಗೆಯದ್ದು. ಬಗ್ಗಿ ಒಳಗೆ ಹೋದರೆ ಮಬ್ಬು ಕತ್ತಲು. ನಾಲ್ಕೂ ಕಡೆ ಮಣ್ಣಿನ ಗೋಡೆ. ಸೂರಿನ ಕೆಳಗೆ ಒಂದೇ ಒಂದು ಗಾಳಿಕಿಂಡಿ, ಅಂಗೈ ತೂರಿಸುವಷ್ಟು. ಬೇರೆ ಬಾಗಿಲಿಲ್ಲ, ಕಿಟಕಿಯಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನಂತೂ ಆಮೇಲೆ ಗೋಡೆಗಳನ್ನು ಕೈಯಿಂದ ತಡವಿ ನೋಡಿದ್ದೇನೆ.

ನೆಲದಲ್ಲಿ ಚಾಪೆ ಹಾಸಿ ಊಟವನ್ನು ಬಡಿಸಿಟ್ಟಿದ್ದರು. ತಟ್ಟೆಯಲ್ಲಿ ಖರ್ಜೂರ, ಒಣಮೀನು, ರೊಟ್ಟಿ. ಎಲ್ಲ ಪ್ಲಾಸ್ಟಿಕ್ಕಿನದು, ಮೇಲೆ ತೆಳ್ಳಗೆ ಧೂಳು. ಪಕ್ಕದಲ್ಲಿ ಒಂದು ಹಳೆಯ ಎನಾಮಲ್ ಲೋಟ, ಅದು ಮಾತ್ರ ನಿಜವಾದದ್ದು. ಉಣ್ಣುವವರ ಗೊಂಬೆಗಳನ್ನು ಇಟ್ಟಿರಲಿಲ್ಲ. ಕೆಲಸದವರು ಏನು ತಿನ್ನುತ್ತಿದ್ದರೆಂದು ತೋರಿಸುವ ಒಂದು ಪ್ರದರ್ಶನ, ಅಷ್ಟೇ. ಪ್ರವಾಸಿಗಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಆದರೆ ಕತ್ತಲೆ ಕೋಣೆ, ನೆಲದ ಮೇಲೆ ಬಡಿಸಿದ ಊಟ, ಕೂತುಕೊಳ್ಳುವವರು ಯಾರೂ ಇಲ್ಲ. ಇದನ್ನು ನೋಡಿದ ತುಳುವರಿಗೆ ಏನನ್ನಿಸುತ್ತದೆಂದು ಆ ಊಟ ಜೋಡಿಸಿದವರಿಗೆ ಹೇಗೆ ಗೊತ್ತಿರಬೇಕು? ನಾನು ಅಮ್ಮನ ಮುಖ ನೋಡಿದೆ. ಅವಳು ತಟ್ಟೆಯನ್ನು ನೋಡುತ್ತಿರಲಿಲ್ಲ, ಗೋಡೆಯ ಗೂಟವನ್ನು ನೋಡುತ್ತಿದ್ದಳು.

ಗೂಟದಲ್ಲಿ ಮುಟ್ಟಾಳೆಯೊಂದು ತೂಗುತ್ತಿತ್ತು. ಅದರ ಕೆಳಗಿನ ಚೀಟಿಯಲ್ಲಿ ಖರ್ಜೂರದ ಗರಿಯ ಟೊಪ್ಪಿ ಎಂಬರ್ಥದ ಇಂಗ್ಲಿಷ್ ಬರಹ. ತಪ್ಪು. ಅದು ಅಡಕೆಯ ಹಾಳೆ. ಅಡಕೆ ಮರವೇ ಇಲ್ಲದ ಈ ದೇಶಕ್ಕೆ ಅದು ನಮ್ಮ ಕಡೆಯ ಯಾರದೋ ತಲೆಯ ಮೇಲೆ ಕೂತು ಬಂದಿರಬೇಕು. ನಾನೇ ತೆಗೆದು ಅಮ್ಮನ ಕೈಗೆ ಕೊಟ್ಟೆ. ಹಪ್ಪಳದ ಹಾಗೆ ಒಣಗಿ ಹಗುರವಾಗಿತ್ತು, ಅಂಚಿನ ಪುಡಿ ನನ್ನ ಬೆರಳಿಗೆ ಅಂಟಿತು. ಅಮ್ಮ ಅದನ್ನು ತಿರುಗಿಸಿ ಹೊಲಿಗೆ ನೋಡಿದಳು, ಮೂಸಿದಳು. "ಅಮ್ಮ ಹೊಲಿದದ್ದೇ" ಎಂದಳು. ನಾನು, "ಎಲ್ಲ ಮುಟ್ಟಾಳೆಯೂ ಹಾಗೇ ಇರ್ತದೆ, ನಮ್ಮ ಕಡೆಯವರು ಎಷ್ಟು ಜನ ಬಂದಿಲ್ಲ ಇಲ್ಲಿಗೆ" ಎಂದೆ. ಅವಳು ಮುಟ್ಟಾಳೆಯನ್ನು ಗೂಟಕ್ಕೆ ಸಿಕ್ಕಿಸಿ, ನನ್ನ ಕೈಚೀಲದಿಂದ ನೀರಿನ ಬಾಟಲಿ ತೆಗೆದು, ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ಎನಾಮಲ್ ಲೋಟಕ್ಕೆ ಕಂಠಮಟ್ಟ ನೀರು ಸುರಿದಳು.

"ಅಣ್ಣಾ, ನೀರ್ ಪರ್ಲೆ" ಎಂದಳು. ಅಣ್ಣಾ, ನೀರು ಕುಡಿಯಿರಿ ಎಂದು. ಅಷ್ಟು ವರ್ಷಗಳಲ್ಲಿ ಅವಳು ಅವರನ್ನು ಎದುರಿಗಿದ್ದವರಂತೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎದ್ದು ಹೊರಗೆ ಬಂದಳು. ನನ್ನನ್ನೂ ಹೊರಗೆ ಕರೆದು, ಅಭ್ಯಾಸಬಲದಿಂದಲೋ ಏನೋ, ಬಾಗಿಲನ್ನು ಎಳೆದು ಮುಚ್ಚಿಬಿಟ್ಟಳು.

ಮುಚ್ಚಿದ ಮೇಲೆ ಏನು ಮಾಡಿಬಿಟ್ಟೆನೆಂದು ಅವಳಿಗೆ ಗೊತ್ತಾಗಿರಬೇಕು. ಮುಖ ಬಿಳಿಚಿತು. "ಎಲೆ ಹಾಕಲಿಲ್ಲ ನಾನು. ನೀರು ಮಾತ್ರ ಇಟ್ಟದ್ದು. ಎಲೆ ಅಲ್ಲ ಅಲ್ವಾ ಮಗಾ?" ಎಂದು ನನ್ನ ಕೈ ಹಿಡಿದಳು. ನಾನು ಅಲ್ಲ ಎಂದೆ. ತಕ್ಷಣ ಬಾಗಿಲು ತೆರೆಯೋಣವೆಂದರೆ ಅದಕ್ಕೂ ಒಪ್ಪಲಿಲ್ಲ. ಕರೆದ ಮೇಲೆ ಕುಡಿಯಲು ಹೊತ್ತು ಕೊಡಬೇಕಂತೆ. ಇಬ್ಬರೂ ಬಿಸಿಲಿನಲ್ಲಿ ನಿಂತೆವು. ನನಗೆ ಒಳಗೊಳಗೆ ನಗು, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂಬ ಮುಜುಗರ. ಬಾವಿಯ ಕಡೆಯಿಂದ ರಾಟೆ ಕಿರುಗುಟ್ಟುವ ಸದ್ದು ಬಂತು. ತಿರುಗಿ ನೋಡಿದರೆ ಆ ಎತ್ತು ಯಾರೂ ಹೊಡೆಯದೆ ತಾನಾಗಿ ಇಳಿಜಾರಿನಲ್ಲಿ ಇಳಿಯುತ್ತಿತ್ತು, ನಮ್ಮವರು ಗಾಬರಿಯಿಂದ ಪಕ್ಕಕ್ಕೆ ಸರಿಯುತ್ತಿದ್ದರು. ನೀರು ತೊಟ್ಟಿಗೆ ಬಿದ್ದ ಸದ್ದು ಕೇಳಿತು. ಆಮೇಲೆ ಎಲ್ಲ ಸ್ತಬ್ಧವಾಯಿತು.

ಅಮ್ಮ ಬಾಗಿಲು ತಟ್ಟಲು ಕೈ ಎತ್ತಿದಳು. ಅವಳ ಕೈ ಇನ್ನೂ ಹಲಗೆಗೆ ತಾಗಿರಲಿಲ್ಲ.

ಒಳಗಿನಿಂದ ತಟ್ಟಿತು. ಬೇಗಬೇಗ ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ನಾನು ಕೇಳಿದ್ದೇನೆ. ಅಮ್ಮ ಹೇಳಿ ನಾನು ನಂಬಿದ್ದಲ್ಲ, ನನ್ನ ಎರಡು ಕಿವಿಗಳಿಂದ ಕೇಳಿದ್ದು. ನನ್ನ ಅಂಗೈ ಆಗ ಬಾಗಿಲಿನ ಚೌಕಟ್ಟಿನ ಮೇಲಿತ್ತು, ಹಲಗೆ ಅದುರಿದ್ದು ಅಂಗೈಗೂ ತಿಳಿಯಿತು. ಅಮ್ಮ ಕೂಗಲಿಲ್ಲ, ಓಡಲಿಲ್ಲ. ಮುಖದಲ್ಲಿ ಒಂದು ಕ್ಷಣ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಐದಾರು ವರ್ಷದ ಹುಡುಗಿಯ ನಗು ಬಂದು ಹೋಯಿತು. ಮರುಕ್ಷಣ ಬಾಗಿಲನ್ನು ಎರಡೂ ಕೈಯಿಂದ ದೂಡಿ ತೆರೆದಳು.

ಒಳಗೆ ಯಾರೂ ಇರಲಿಲ್ಲ. ಲೋಟ ಇಟ್ಟಲ್ಲೇ ಇತ್ತು, ಖಾಲಿಯಾಗಿತ್ತು. ತಳದಲ್ಲಿ ಒಂದೆರಡು ಹನಿ. ನಾನು ಮೊದಲು ಮಾಡಿದ ಕೆಲಸವೆಂದರೆ ಚಾಪೆಯನ್ನು ಅಂಗೈಯಿಂದ ಒತ್ತಿ ನೋಡಿದ್ದು. ಒಣಗಿತ್ತು. ಚಾಪೆ ಎತ್ತಿದೆ, ನೆಲವೂ ಒಣಗಿತ್ತು. ಲೋಟವನ್ನು ಬೆಳಕಿಗೆ ಹಿಡಿದು ತೂತು ಹುಡುಕಿದೆ, ಮತ್ತೆ ನೀರು ಸುರಿದು ಎತ್ತಿ ಹಿಡಿದೆ. ಒಂದು ತೊಟ್ಟೂ ಸೋರಲಿಲ್ಲ. ಗೋಡೆಗಳನ್ನು ತಡವಿದ್ದು ಆಗಲೇ. ಬಿಡದೆ ಎಲ್ಲ ನೋಡಿದೆ. ನೋಡುವುದನ್ನು ನಿಲ್ಲಿಸಿದರೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಅಮ್ಮ ಮುಟ್ಟಾಳೆಯನ್ನು ಗೂಟದಿಂದ ತೆಗೆದು, ನನ್ನ ಕೈಗೆ ಕೊಟ್ಟಳು. ಸ್ವಲ್ಪ ಹೊತ್ತಿನ ಮೊದಲು ಮುಟ್ಟಿದರೆ ಪುಡಿಯುದುರುತ್ತಿದ್ದ ಅದೇ ಹಾಳೆ. ಈಗ ಒಳಗಡೆ, ಹಣೆ ತಾಗುವ ಸುತ್ತಿನಲ್ಲಿ, ಒದ್ದೆಯಾಗಿತ್ತು. ಬೆಚ್ಚಗಿತ್ತು. ಬಿಸಿಲಿನಲ್ಲಿ ಕೆಲಸ ಮಾಡಿ ಬಂದವರು ಆಗಷ್ಟೇ ತೆಗೆದು ತೂಗುಹಾಕಿದ ಹಾಗೆ. ವಾಸನೆ ಕೂಡ ಅದೇ, ಗಂಡಸಿನ ಬೆವರಿನದು. ನಾನು ಅದನ್ನು ಅಲ್ಲೇ ಕೈಬಿಟ್ಟೆ.

ರಾಟೆಯ ಸದ್ದು ಕೇಳಿಯೋ ಏನೋ ಗೇಟಿನಿಂದ ಕಾವಲುಗಾರ ಬಂದ. ವಸ್ತುಗಳನ್ನು ಮುಟ್ಟಬಾರದೆಂದು ಹಿಂದಿಯಲ್ಲಿ ಗದರಿ, ಮುಟ್ಟಾಳೆಯನ್ನೆತ್ತಿ ಗೂಟಕ್ಕೆ ಹಾಕಿ, "ಖಲಾಸ್, ಯಲ್ಲಾ" ಎಂದು ನಮ್ಮನ್ನು ಹೊರಗೆ ಕಳುಹಿಸಿದ. ಅದು ಒದ್ದೆಯಾಗಿದ್ದದ್ದು ಅವನಿಗೆ ಗೊತ್ತಾಯಿತೇ? ಹಾಕಿದವನು ತನ್ನ ಕೈಯನ್ನು ನಿಲುವಂಗಿಗೆ ಒರಸಿಕೊಂಡದ್ದನ್ನು ನಾನು ನೋಡಿದೆ. ಅದು ಧೂಳಿಗೂ ಇರಬಹುದು. ಹೊರಗೆ ಬಂದರೆ ಹಳೆಕಾಲದ ಉಡುಪಿನ ಹೆಂಗಸರು ಗಂಡಸರು ನಗುತ್ತಾ ಮಾತಾಡುತ್ತಾ ತಂತಮ್ಮ ಜಾಗಗಳಿಗೆ ಬರುತ್ತಿದ್ದರು. ಕೈಯಲ್ಲಿ ಮೊಬೈಲುಗಳು. ಯಾರೋ ಒಲೆಗೆ ಸೌದೆ ಒಡ್ಡಿದರು. ಆ ಜೀವಂತ ಮನುಷ್ಯರನ್ನು ನೋಡಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಕಾರಿನಲ್ಲಿ ನಾನು ಎಲ್ಲ ಹೇಳಿದೆ. ನಮ್ಮವರು, "ಮರದ ಬಾಗಿಲು ಮಾರಾಯ್ತಿ, ಬಿಸಿಲಿಗೆ ಹಿಗ್ಗಿ ಸದ್ದು ಮಾಡ್ತದೆ. ಇಲ್ಲಿಯ ಗಾಳಿ ಡ್ರೈ, ನೀರು ಆರಿ ಹೋಗ್ತದೆ" ಎಂದರು. ಹಾಗಾದರೆ ದುಬೈ ಕ್ರೀಕಿನ ಅಷ್ಟೂ ನೀರು ಸಂಜೆಯೊಳಗೆ ಆರಬೇಕಿತ್ತಲ್ಲ ಎಂದೆ. ಅವರು ಎ.ಸಿ. ಜಾಸ್ತಿ ಮಾಡಿದರು. ಇಸ್ಮಾಯಿಲ್ ಕಾಕ ಬನಿಯಾಸು ಹತ್ತಿರವಾದಾಗ ಅಮ್ಮನ ಕಡೆ ತಿರುಗಿ, "ಅಕ್ಕ, ಆ ಕಾಲದಲ್ಲಿ ತೋಟದಲ್ಲಿ ಜ್ವರ ಬಂದು ಹೋದವರನ್ನು ಅಲ್ಲೇ ಮರಳಿನಲ್ಲಿ ಮಣ್ಣು ಮಾಡ್ತಿದ್ದರಂತೆ, ಹೆಸರು ದಿಕ್ಕು ಎಂತದ್ದೂ ಇಲ್ಲ. ಕೆಲವರು ಒಮಾನ್ ಕಡೆ ನಡೆದು ಹೋಗಿ ಬೇರೆ ಹೆಸರಲ್ಲಿ ಸಂಸಾರ ಮಾಡಿದ್ದೂ ಉಂಟು. ಎರಡೂ ಉಂಟು. ನಿಮ್ಮ ಅಣ್ಣ ಯಾವುದೆಂದು ನಾನು ಹೇಗೆ ಹೇಳಲಿ" ಎಂದರು.

ಅಮ್ಮ ಮಾತ್ರ ನಿಶ್ಚಿಂತೆಯಿಂದ ಕೂತಿದ್ದಳು. ಮನೆಗೆ ಬಂದು ಕೈಕಾಲು ತೊಳೆದು ಅನ್ನಕ್ಕಿಟ್ಟ ಮೇಲೆ ಅಡುಗೆಮನೆಯಲ್ಲಿ ನನಗೊಬ್ಬಳಿಗೇ ಹೇಳಿದಳು: "ಕುಲೆ ಬಾಗಿಲು ತಟ್ಟುದಿಲ್ಲ ಮಗಾ. ತಟ್ಟಬೇಕಾದ್ದು ನಾವು. ಒಳಗಿನಿಂದ ತಟ್ಟಿದವ ಅವತ್ತೂ ಬದುಕಿದ್ದ. ಸತ್ತವರಿಗೆ ಬೆವರುಂಟಾ? ಅಣ್ಣ ಇದ್ದಾನೆ."

ಅದೇ ಸಂಗತಿಗಳನ್ನು ಇಟ್ಟುಕೊಂಡು ನಾನು ಬೇರೆಯದನ್ನೇ ಯೋಚಿಸುತ್ತಿದ್ದೆ. ಜೋಯಿಸರ ಮಾತು ಕೇಳಿ ಬೈದವಳು ನಾನೇ. ಆದರೂ ನೀರಿಲ್ಲದೆ ಹಸಿದು ನಿಂತವನು ಎಂದರಲ್ಲ, ಅದು ಬಿಡದೆ ನೆನಪಾಗುತ್ತಿತ್ತು. ಕಂಠಮಟ್ಟ ಇದ್ದ ನೀರು ಅಷ್ಟು ಬೇಗ ಖಾಲಿಯಾಗಬೇಕಾದರೆ ಎಷ್ಟು ಬಾಯಾರಿರಬೇಕು? ಜೀವವಿರುವಾಗಲೇ ಕುಲೆಯ ಎಲೆಯಲ್ಲಿ ಉಂಡವರು ಸತ್ತ ಮೇಲೆ ತಾವು ಸತ್ತಿದ್ದೇವೆಂದು ತಿಳಿಯದೆ, ದಿನಾ ಕೆಲಸ ಮಾಡಿ, ಬೆವರಿ, ಬಾಗಿಲು ತಟ್ಟುತ್ತಾ ಇದ್ದಾರೆಯೇ? ಇದನ್ನು ಅಮ್ಮನಿಗೆ ಹೇಳಲಿಲ್ಲ. ಈವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಮುಂದಿನ ವಾರ ನಾನೊಬ್ಬಳೇ ರಜೆ ಹಾಕಿ ಹೋದೆ. ಕೋಣೆಗೆ ಬೀಗ. ರಿಪೇರಿಯಂತೆ. ಮತ್ತೆ ತೆರೆದ ಮೇಲೆ ಹೋಗಿ ನೋಡಿದರೆ ಗೋಡೆಗೆ ಸುಣ್ಣ ಬಳಿದು, ಉಣ್ಣುವವರ ಗೊಂಬೆಗಳನ್ನು ಕೂರಿಸಿ, ಲೈಟು ಹಾಕಿದ್ದರು. ಲೋಟ ಇರಲಿಲ್ಲ, ಗೂಟದಲ್ಲಿ ಮುಟ್ಟಾಳೆಯೂ ಇರಲಿಲ್ಲ. ಕೇಳಿದರೆ ಅಲ್ಲಿದ್ದ ಹುಡುಗಿ ನಗುತ್ತಾ ಗೊತ್ತಿಲ್ಲ ಎಂದಳು. ಅವಳು ಕೆಲಸಕ್ಕೆ ಹೊಸಬಳು.

ಅಮ್ಮ ಊರಿಗೆ ಮರಳಿ, ಆ ಆಟಿಯಲ್ಲೂ ಮಾವನಿಗೆ ಎಲೆ ಹಾಕಲಿಲ್ಲ. ಚಿಕ್ಕಮ್ಮಂದಿರು ಮುನಿಸಿಕೊಂಡರು. ಎಲೆ ಹಾಕದೆಯೇ ನಾನು ಮತ್ತೆ ಬಸಿರಾದೆ, ಈ ಸಲ ನಿಂತಿತು, ಮಗಳು ಹುಟ್ಟಿದಳು. ಆ ತಿಂಗಳುಗಳಲ್ಲಿ ಡಾಕ್ಟರು ಕೊಟ್ಟ ಔಷಧಿಯಿಂದ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಔಷಧಿ ತೆಗೆದುಕೊಂಡದ್ದೂ ಸುಳ್ಳಲ್ಲ. ಒಂದು ಲೋಟ ನೀರಿನಿಂದ ಆಯಿತೆಂದು ನಾನು ಯಾವ ಬಾಯಿಂದ ಹೇಳಲಿ?

ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ನನಗೆ ಎಲೆ ಹಾಕು. ಅಣ್ಣನಿಗೆ ಹಾಕಬೇಡ" ಎಂದಳು. ಮಾವ ಇದ್ದರೆ ಈಗ ಎಂಬತ್ತು ದಾಟಿರಬೇಕು. ಅಷ್ಟು ಪ್ರಾಯದವರು ಎಲ್ಲಿಯೋ ಒಂದು ಕಡೆ, ಬೇರೆ ಹೆಸರಿನಲ್ಲಿ, ಮೊಮ್ಮಕ್ಕಳ ನಡುವೆ ಕೂತಿರಬಹುದು. ಇಲ್ಲದೆಯೂ ಇರಬಹುದು. ಸತ್ತಿದ್ದರೆ ಎಲೆಯಿಲ್ಲದೆ ಕೂತವರನ್ನು ನಾನು ಮತ್ತೂ ಉಪವಾಸ ಹಾಕುತ್ತಿದ್ದೇನೆ. ಬದುಕಿರುವಾಗಲೇ ಎಲೆ ಹಾಕಿಬಿಟ್ಟರೆ ಅಮ್ಮ ಜೀವಮಾನವಿಡೀ ಕಾದು ಕಾಪಾಡಿದವರನ್ನು ನಾನು ಕೊಂದ ಹಾಗೆ. ಇದನ್ನೆಲ್ಲ ನಂಬದವಳಿಗೆ ಈ ಕಷ್ಟ ಏಕೆಂದು ನೀವು ಕೇಳಬಹುದು. ಅದನ್ನೇ ನಾನೂ ಕೇಳಿಕೊಳ್ಳುತ್ತೇನೆ.

ಆಟಿ ಬಂದಾಗ ಅಲ್ ಬರ್ಷಾದ ಅದೇ ಮನೆಯ ಬೆಡ್‌ರೂಮಿನಲ್ಲಿ ಮಂಚ ಸರಿಸಿ, ನೆಲ ಒರಸಿ ಬಡಿಸುತ್ತೇನೆ. ಸೂಪರ್ ಮಾರ್ಕೆಟ್ಟಿನ ಬಾಳೆ ಎಲೆ, ಅನ್ನ, ಕೋಳಿಸಾರು, ಅಮ್ಮನಿಗೆ ಇಷ್ಟವಿದ್ದ ಪತ್ರೊಡೆ. ಹೋದ ವರ್ಷ ಬಾಗಿಲು ಮುಚ್ಚುವಾಗ ಮಗಳು ಒಳಗೆ ಇಣುಕಿ ನೋಡಿ, "ಒನ್ ಲೀಫ್, ಬಟ್ ಟೂ ಗ್ಲಾಸಸ್? ವೈ ಅಮ್ಮಾ?" ಎಂದು ಕೇಳಿದಳು.

ಎಲೆ ಅಜ್ಜಿಗೆ ಎಂದೆ. ನೀರನ್ನು ಬದುಕಿರುವವರಿಗೂ ಕೊಡಬಹುದು.